ಕಣ್ಣುಳ್ಳ ಕಸದ ಬುಟ್ಟಿ

ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಶಬ್ದಗಳನ್ನು ತತ್ಸಮ, ತದ್ಭವ, ದೇಶ್ಯವೆಂದು ವಿಂಗಡಿಸಲು ಬರುತ್ತದೆ. ಕಸವನ್ನು ವಿಂಗಡಿಸಲು ಬಾರದು. ಈ ಸತ್ಯ ಬಯಲಾದದ್ದು ಮಗಳ ಶಾಲೆಯಲ್ಲಿ, ಪೋಷಕರ ಸಭೆಯ ದಿನ.

ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರು ಮೊದಲಾದವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂದು ಬೆಂಗಳೂರಿನವರಾದ ನಮಗೆ ಉಚ್ಚ ನ್ಯಾಯಾಲಯವು 2015ರಲ್ಲಿಯೇ ಅಪ್ಪಣೆ ಮಾಡಿದೆ. ಶಾಲೆಯವರು ಈ ಕೆಲಸಕ್ಕೆ ಯಂತ್ರವನ್ನೇ ತರಿಸಿದ್ದರು. ಅದರ ನೆತ್ತಿಯಲ್ಲಿ ಒಂದು ಕ್ಯಾಮೆರಾ. ಸಾವಿರಾರು ಚಿತ್ರಗಳಿಂದ ಪಾಠ ಕಲಿತಿರುವ ಯಂತ್ರವು, ನಾವು ಹಿಡಿದ ವಸ್ತುವನ್ನು ನೋಡಿ ಗುರುತಿಸಿ, ತಕ್ಕ ಬುಟ್ಟಿಯ ಮುಚ್ಚಳವನ್ನು ತಾನೇ ತೆರೆಯುತ್ತದೆ. ಬುಟ್ಟಿ ತುಂಬಿತೋ ಇಲ್ಲವೋ ಎಂಬುದನ್ನು ಕಿವಿಗೆ ಕೇಳದ ಶಬ್ದತರಂಗದ ಮರುದನಿಯಿಂದ ಅಳೆದು ಕಚೇರಿಗೆ ತಿಳಿಸುತ್ತದೆ. ಮಕ್ಕಳು ಸಾಲುಗಟ್ಟಿ ನಿಂತಿದ್ದರು. ತಪ್ಪಿದ ಮಗುವಿಗೆ ಆ ಕ್ಷಣವೇ, ಗದರಿಕೆಯಿಲ್ಲದೆ, ಉತ್ತರ ಸಿಗುತ್ತಿತ್ತು. ಮೇಷ್ಟರಾದ ನಮ್ಮಿಂದ ಆಗದ ಕೆಲಸವೆಂದು ಒಪ್ಪಿಕೊಂಡೆ.

ನನ್ನ ಸರದಿ ಬಂತು. ಬುತ್ತಿಯೂಟದಲ್ಲಿ ಉಳಿದಿದ್ದ ಮೊಸರಿನ ಪ್ಯಾಕೆಟ್ಟನ್ನು ಹಿಡಿದೆ. ‘ಒಣ ಕಸ’ ಎಂದಿತು ಯಂತ್ರ, ಮುಚ್ಚಳ ತೆರೆಯಿತು. ಹೆಮ್ಮೆಯಿಂದಲೇ ಹಾಕಿದೆ.

ಸ್ವಲ್ಪ ಹೊತ್ತಿಗೆ ಬುಟ್ಟಿ ಖಾಲಿ ಮಾಡಲು ಆಯಾ ಬಂದರು. ಉಳಿದ ಮೊಸರೆಲ್ಲ ಅಡಿಯ ಕಾಗದಗಳಿಗೆ ಇಳಿದಿತ್ತು.

“ಇದಕ್ಕೆ ಕಣ್ಣಿದೆ ಸಾರ್, ಮೂಗಿಲ್ಲ. ಮೊಸರು ಮೆತ್ತಿದ ಪೇಪರನ್ನ ಯಾರೂ ತಗೊಳ್ಳಲ್ಲ” ಎಂದರು.

ಹಾಗೆಂದು ಅವರು ಯಂತ್ರವನ್ನು ಹಳಿಯಲಿಲ್ಲ. ಮೊದಲು ಎಲ್ಲವನ್ನೂ ಕೈಯಿಂದಲೇ ಬೇರ್ಪಡಿಸಬೇಕಾಗಿತ್ತಂತೆ. ಪೆನ್ಸಿಲ್ ಹೆರೆಯುವ ಬ್ಲೇಡು ತಗುಲಿದ ಗಾಯದ ಗುರುತನ್ನು ಹೆಬ್ಬೆರಳಿನ ಮೇಲೆ ತೋರಿಸಿದರು. “ಈಗ ಎಷ್ಟೋ ವಾಸಿ. ಪಕ್ಕದಲ್ಲೊಂದು ನಲ್ಲಿ ಹಾಕಿಸಿದ್ರೆ ಮಕ್ಕಳು ತೊಳೆದು ಹಾಕ್ತಾರೆ. ನಾನು ಹೇಳಿದ್ರೆ ಯಾರು ಕೇಳ್ತಾರೆ? ನೀವು ಹೇಳಿ ಸಾರ್.”

ಸಭೆಯಲ್ಲಿ ಎದ್ದು ನಿಂತೆ. ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡುವ ನನಗೆ ಒಂದು ನಲ್ಲಿಯನ್ನು ಕೇಳಲು ನಾಲಿಗೆ ತಡವರಿಸಿತು. ತಪ್ಪು ನನ್ನದೆಂಬುದನ್ನೂ ಹೇಳಬೇಕಾಗಿತ್ತಲ್ಲ! ಈ ವರ್ಷ ಅದಕ್ಕೆ ಹಣವಿಲ್ಲವೆಂದರು. ಯಂತ್ರಕ್ಕಿದ್ದ ಹಣ ನಲ್ಲಿಗೇಕಿಲ್ಲವೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮರುವಾರ ಯಂತ್ರದ ಪಕ್ಕದಲ್ಲಿ ಒಂದು ಬಕೆಟ್ಟು ನೀರು, ಒಂದು ಚೊಂಬು ಬಂದಿದ್ದವು. ತಂದಿಟ್ಟವರು ಆಯಾ ಎಂದು ಮಗಳು ಹೇಳಿದಳು.

ಈಗ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಅವಳದೇ ಕಾವಲು.

“ಅಪ್ಪಾ, ಪ್ಯಾಕೆಟ್ ತೊಳೆದ್ಯಾ?”