ಬೀಗದ ಕೈ ಯಾರ ಬಳಿ?

ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿ ಹುಣಸೂರು ದಾಟಿದರೆ ಹೊಗೆಸೊಪ್ಪಿನ ಹೊಲಗಳೂ ಅದನ್ನು ಹದ ಮಾಡುವ ಬ್ಯಾರನ್‌ಗಳೂ ಕಾಣುತ್ತವೆ. ಹಲವು ಹಳ್ಳಿಗಳಲ್ಲಿ ಇನ್ನೊಂದು ಕಟ್ಟಡವೂ ಇದೆ. ನಾವು ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಅದುವೇ ಸಮುದಾಯ ಭವನ.

ಪಿರಿಯಾಪಟ್ಟಣ ತಾಲೂಕಿನ ಒಂದು ಹಳ್ಳಿಗೆ ಮಿತ್ರರೊಬ್ಬರ ಮಗಳ ನಿಕಾಹ್‌ಗೆ ಹೋಗಿದ್ದೆ. ಊಟ ಏರ್ಪಡಿಸಿದ್ದು ಊರಿನ ಭವನದಲ್ಲಿ. ಉಂಡು ಜಗಲಿಯಲ್ಲಿ ಕುಳಿತಾಗ ಪಕ್ಕದಲ್ಲಿದ್ದ ವೃದ್ಧರೊಬ್ಬರು ಹೇಳಿದರು: “ಇಲ್ಲಿ ಮೊದಲು ಚಾವಡಿ ಇತ್ತು ಮೇಷ್ಟ್ರೇ. ನಮ್ಮಪ್ಪ ಇದರ ಮುಂದೆ ಹೋಗ್ಬೇಕಾದ್ರೆ ಎಕ್ಕಡ ಕೈಲಿ ಹಿಡ್ಕೊಂಡು ಹೋಗ್ತಿದ್ದ. ನನ್ನ ಮೊಮ್ಮಗಳ ಮದುವೆ ಇದರೊಳಗೇ ಆಯ್ತು.”

ಈ ಮಾತುಗಳ ನಡುವೆ ಎಷ್ಟೊಂದು ಚರಿತ್ರೆ ಅಡಗಿದೆ ನೋಡಿ! ಹಿಂದೆ ಕಂದಾಯ ವಸೂಲಿ, ನ್ಯಾಯ ಪಂಚಾಯಿತಿ ಎಲ್ಲವೂ ಪಟೇಲ, ಶಾನುಭೋಗರ ಚಾವಡಿಯಲ್ಲಿ ನಡೆಯುತ್ತಿದ್ದವು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಊರಿಗೆಲ್ಲ ಸೇರಿದ ಕಟ್ಟಡವೆಂಬ ಕಲ್ಪನೆಗೆ ಅದು ಬಲ ನೀಡಿತು. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯ್ದೆ ರದ್ದುಗೊಳಿಸಿತು. ಹುಣಸೂರು ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲೇ, 1974ರಲ್ಲಿ, ಭೂಸೇನಾ ನಿಗಮ ಸ್ಥಾಪನೆಯಾಯಿತು. ಹಳ್ಳಿಗಳ ಅದೆಷ್ಟೋ ಭವನಗಳನ್ನು ಕಟ್ಟಿದ್ದು ಆ ನಿಗಮವೇ. 1993ರಲ್ಲಿ ಸಂಸದರ ಪ್ರದೇಶಾಭಿವೃದ್ಧಿ ನಿಧಿಯೂ ಬಂದಿತು. ಭವನದ ಗೋಡೆಗೆ ಹಾಕಿದ ಕಲ್ಲನ್ನು ಒಮ್ಮೆ ಓದಿ, ಯಾರ ಅನುದಾನ, ಯಾವ ವರ್ಷ ಎಂಬುದು ತಿಳಿಯುತ್ತದೆ.

ಅಂಬೇಡ್ಕರ್ ಭವನ, ವಾಲ್ಮೀಕಿ ಭವನ, ಶಾದಿ ಮಹಲ್‌ಗಳಿಗೂ ಸರಕಾರದ ನೆರವು ದೊರೆಯಿತು. ಹೊರಗೆ ನಿಂತಿದ್ದವರಿಗೆ ತಮ್ಮದೇ ಒಂದು ಸೂರು ಸಿಕ್ಕಿದ್ದು ಒಳ್ಳೆಯದೇ. ಆದರೆ ಊರಿನವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಜಾಗವೂ ಬೇಡವೇ?

ಮರಳುವಾಗ ಇನ್ನೊಂದು ಊರಿನ ಭವನ ನೋಡಿದೆ. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಬ್ಯಾರನ್‌ಗೆ ಉರಿಸುವ ಸೌದೆಯ ರಾಶಿ. ಬೀಗದ ಕೈ ಯಾರಲ್ಲಿದೆ ಎಂದು ವಿಚಾರಿಸಿದೆ. ಒಬ್ಬರು ಇನ್ನೊಬ್ಬರ ಮನೆ ತೋರಿಸಿದರು, ಅವರು ಮತ್ತೊಬ್ಬರ ಮನೆ. ಭವನ ಕಟ್ಟಲು ಸರಕಾರದ ಹಣ ಸಾಕು. ಆದರೆ ಅದನ್ನು ಗುಡಿಸಿ, ಸುಣ್ಣ ಬಳಿದು, ಕೇಳಿದವರಿಗೆಲ್ಲ ಬಾಗಿಲು ತೆರೆಯುವ ಕೆಲಸ ಊರಿನವರದ್ದೇ.

ನಿಮ್ಮ ಊರಿನಲ್ಲೂ ಇಂತಹ ಭವನವಿದೆಯೇ? ಮುಂದಿನ ಸಲ ಹೋದಾಗ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ಒಬ್ಬರ ತಂದೆ ಎಕ್ಕಡವನ್ನು ಕೈಯಲ್ಲಿ ಹಿಡಿದು ದಾಟಿದ ಜಾಗ ಅದಾಗಿರಬಹುದು. ಅಲ್ಲಿ ಸೌದೆ ತುಂಬಲು ಬಿಡಬೇಡಿ.