ಹನ್ನೊಂದರಿಂದ ಭಾಗವಾಗುವ ಕೀಲಿಕೈ

ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಸಂಸ್ಕೃತವನ್ನೂ, ಉಪಾಧ್ಯಾಯರ ಕೊರತೆ ಬಿದ್ದಾಗ ಗಣಿತವನ್ನೂ ಕಲಿಸಿದವನು ನಾನು. ಆ ಗಣಿತದಿಂದ ನನಗೇ ಒಂದು ದಿನ ಉಪಕಾರವಾದೀತೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆನು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿದುದನ್ನು ವಾಚಕರು ಬಲ್ಲರು. ಆ ಬಳಿಕ ನಾನೂ ನನ್ನ ಲ್ಯಾಪ್‌ಟಾಪನ್ನು ಮಸ್ಕಿಯಿಂದ ಸಿಂಧನೂರಿಗೆ ಒಯ್ದು ವಿಂಡೋಸ್ 11ಕ್ಕೆ ಏರಿಸಿಕೊಂಡು ಬಂದೆನು. ಎರಡು ದಿನ ಎಲ್ಲವೂ ಸರಿಯಾಗಿದ್ದಿತು. ಮೂರನೆಯ ದಿನ ಯಂತ್ರದ ಮೂಲತಂತ್ರಾಂಶವೂ ಹೊಸದಾಯಿತು. ಮರಳಿ ತೆರೆದಾಗ ನೀಲಿಯ ಫಲಕವೊಂದು ಎದುರಾಗಿ, ಬಿಟ್‌ಲಾಕರಿನ 48 ಅಂಕಿಗಳ ಕೀಲಿಕೈಯನ್ನು ಕೇಳಿತು. ನಾನು ಬೀಗ ಹಾಕಿದವನೇ ಅಲ್ಲ! ಯಂತ್ರವನ್ನು ಕೊಂಡಂದು ಖಾತೆಯನ್ನು ತೆರೆದೊಡನೆ ಬೀಗವು ತಾನಾಗಿ ಬಿದ್ದಿತ್ತಂತೆ. ಅಂದು ಫಲಕದ ಮೇಲೆ ಬಂದುದನ್ನೆಲ್ಲ ಓದದೆ 'ಮುಂದೆ' ಎಂದು ಒತ್ತುತ್ತ ಹೋದುದು ನನ್ನದೇ ತಪ್ಪು. ಪ್ರಶ್ನಪತ್ರಿಕೆಯನ್ನು ಪೂರ್ತಿಯಾಗಿ ಓದಿ ಎಂದು ಮಕ್ಕಳನ್ನು ಎಷ್ಟು ಗದರಿಸಿದ್ದೆನೊ!

ಒಳಗಿದ್ದುದು ನನ್ನ ಬರೆಹಗಳಷ್ಟೇ ಆಗಿದ್ದರೆ ಹೋಗಲೆನ್ನಬಹುದಿತ್ತು. ನನ್ನ ಮನೆಯಾಕೆ ತೀರಿಕೊಳ್ಳುವ ಹಿಂದಿನ ವರ್ಷ ಹಾಡಿದ್ದ ಬೀಸುವ ಕಲ್ಲಿನ ಪದಗಳು ಅದರಲ್ಲಿದ್ದುವು. ಹಾಡನ್ನು ಹಿಡಿದಿದ್ದ ಮೊಬೈಲು ಎಂದೋ ಕೆಟ್ಟುಹೋಗಿತ್ತು. ಬೇರೆ ಪ್ರತಿಯಿರಲಿಲ್ಲ.

ಸಿಂಧನೂರಿನ ಹುಡುಗನು ನನಗೆ ಕಾರಣವನ್ನು ತಿಳಿಸಿದನು. ಟಿಪಿಎಂ ಎಂಬ ಸಣ್ಣ ಬಿಲ್ಲೆಯೊಂದು ಯಂತ್ರದೊಳಗೆ ದ್ವಾರಪಾಲಕನಂತೆ ಕುಳಿತಿರುತ್ತದೆ. ಯಂತ್ರವು ಏಳುವಾಗ ನಡೆಯುವ ಒಂದೊಂದು ಹೆಜ್ಜೆಯ ಅಳತೆಯೂ ಅದರಲ್ಲಿ ದಾಖಲಾಗುತ್ತದೆ. ಹಿಂದಿನ ಅಳತೆಗೆ ಸರಿಹೊಂದಿದರೆ ಮಾತ್ರ ಕೀಲಿಯನ್ನು ಬಿಟ್ಟುಕೊಡುತ್ತದೆ. ಮೂಲತಂತ್ರಾಂಶ ಬದಲಾಯಿತು, ಅಳತೆ ಕೂಡಲಿಲ್ಲ, ಬಾಗಿಲು ಮುಚ್ಚಿತು. ಕಳ್ಳನೇ ಬಂದಿದ್ದರೂ ಅದು ಹಾಗೆಯೇ ಮಾಡುತ್ತಿತ್ತು. ಒಡೆಯನ ಮುಖವನ್ನು ಅದು ಎಂದೂ ಕಂಡುದಿಲ್ಲ.

ಖಾತೆಯನ್ನು ತೆರೆದುಕೊಟ್ಟವನು ಲಿಂಗಸೂಗೂರಿನಲ್ಲಿರುವ ನನ್ನ ತಂಗಿಯ ಮಗ. ಕೀಲಿಯ ಪ್ರತಿಯು ಆ ಖಾತೆಯಲ್ಲಿರಬಹುದೆಂದು ಹುಡುಗನು ಹೇಳಿದುದರಿಂದ ಆ ರಾತ್ರಿಯೇ ಅವನಿಗೆ ಫೋನು ಮಾಡಿದೆನು. ಹುಡುಕಿದನು, ಇದ್ದಿತು! ನೀಲಿಯ ಫಲಕದ ಗುರುತಿನ ಸಂಖ್ಯೆಯೂ ಅಲ್ಲಿಯದೂ ಒಂದೇ ಎಂದು ಮೊದಲು ನೋಡಿಕೊಂಡೆವು. ಬಳಿಕ ಅವನು ಆರಾರು ಅಂಕಿಗಳ ಎಂಟು ಗುಂಪುಗಳನ್ನು ಓದುತ್ತ ಹೋದನು, ನಾನು ಹಳೆಯ ಪಂಚಾಂಗದ ಬೆನ್ನಿನ ಮೇಲೆ ಬರೆದುಕೊಂಡೆನು. ಆಗ ಅವನು, "ಮಾವಾ, ಪ್ರತಿಯೊಂದು ಗುಂಪೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗಬೇಕಂತೆ" ಎಂದನು.

ಇದನ್ನು ಕೇಳಿ ನನಗಾದ ಹರ್ಷವನ್ನು ಏನೆಂದು ಹೇಳಲಿ! ಹನ್ನೊಂದರ ಪರೀಕ್ಷೆಯನ್ನು ವಾಚಕರು ಮರೆತಿದ್ದರೆ ನೆನಪಿಸುತ್ತೇನೆ. 274560 ಎಂದಿಟ್ಟುಕೊಳ್ಳೋಣ (ನನ್ನ ಕೀಲಿಯಲ್ಲ, ಉದಾಹರಣೆ). ಒಂದು, ಮೂರು, ಐದನೆಯ ಸ್ಥಾನದ ಅಂಕಿಗಳ ಮೊತ್ತ 12. ಉಳಿದವುಗಳ ಮೊತ್ತವೂ 12. ವ್ಯತ್ಯಾಸ ಸೊನ್ನೆ, ಆದ್ದರಿಂದ ಭಾಗವಾಗುತ್ತದೆ. ಆರನ್ನು ಮೂರೆಂದು ಕೇಳಿಸಿಕೊಂಡರೆ ಮೊದಲ ಮೊತ್ತ 9 ಆಗಿ ತಪ್ಪು ಒಡನೆಯೇ ಬಯಲಾಗುತ್ತದೆ. ಒಂದು ಅಂಕಿ ಕೆಟ್ಟರೂ ಸಿಕ್ಕಿಬೀಳುತ್ತದೆ. ಬೇರೆ ಬೇರೆಯಾದ ಎರಡು ನೆರೆಯಂಕಿಗಳು ಸ್ಥಾನ ಬದಲಿಸಿದರೂ ಸಿಕ್ಕಿಬೀಳುತ್ತದೆ. ನನ್ನ ಐದನೆಯ ಗುಂಪು ಭಾಗವಾಗಲಿಲ್ಲ. ಮತ್ತೆ ಓದಿಸಿದೆನು. ಅವನು ಹೇಳಿದ್ದ ಆರು ನನಗೆ ಮೂರಾಗಿ ಕೇಳಿಸಿತ್ತು.

ಕೀಲಿಯನ್ನು ಒತ್ತಿ ಮುಗಿಸುವ ಮುನ್ನ ಕೈ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಮಸ್ಕಿಯ ಬಂಡೆ ನೆನಪಿಗೆ ಬಂದಿತು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ್ದುದರಿಂದಲೇ, 1915ರಲ್ಲಿ ಈ ಶಾಸನ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕನ ಹೆಸರನ್ನು ಗುರುತಿಸಲಾಯಿತು. ಆದರೆ ಅದು ಜನ ಮರೆತ ಲಿಪಿ. ಅಕ್ಷರಗಳು ಬಂಡೆಬಂಡೆಯ ಮೇಲೂ ಮರಳಿ ಮರಳಿ ಬರುತ್ತಿದ್ದುವು, ತಾಳ್ಮೆಯುಳ್ಳವನಿಗೆ ದಾರಿಯಿದ್ದಿತು. ಈ ಗೂಢಲಿಪಿಯಾದರೊ ಓದಬಾರದೆಂದೇ ಕಟ್ಟಿದುದು. ಅದಕ್ಕೆ ಇರಬಹುದಾದ ಕೀಲಿಗಳ ಸಂಖ್ಯೆಯನ್ನು ಬರೆಯುವುದಕ್ಕೇ 39 ಅಂಕಿಗಳು ಬೇಕು. ಇಲ್ಲಿ ಯಾವ ಪ್ರಿನ್ಸೆಪ್ಪನೂ ಕೆಲಸಕ್ಕೆ ಬಾರನು.

ಬಾಗಿಲು ತೆರೆಯಿತು. ಆ ರಾತ್ರಿ ಪದಗಳನ್ನು ಪೂರ್ತಿ ಕೇಳಲಾಗಲಿಲ್ಲ. ಎರಡನ್ನು ಕೇಳಿ ನಿಲ್ಲಿಸಿದೆನು.

ಕೀಲಿಯನ್ನು ಕಟಪಯಾದಿಯಲ್ಲಿ ಶ್ಲೋಕವಾಗಿ ಕಟ್ಟಿ ಬಾಯಿಪಾಠ ಮಾಡೋಣವೆಂದು ಮೊದಲು ಹೊರಟೆನು. ಎರಡು ಗುಂಪುಗಳಾಗುವಷ್ಟರಲ್ಲಿ, ನನ್ನ ಬಾಯಿಯೇ ನಿಂತ ಮೇಲೆ ಶ್ಲೋಕವನ್ನು ಹೇಳುವವರಾರು ಎನಿಸಿತು. ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಹೊಲದ ಪಹಣಿಯೊಡನೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪದಗಳ ಪ್ರತಿಯೊಂದು, ಯಾವ ಬೀಗವೂ ಇಲ್ಲದೆ, ಲಿಂಗಸೂಗೂರಿಗೆ ಹೋಗಿದೆ.