ಎರೆಭೂತದ ನೆಲೆ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಹೆಸರು ಇಂದಿಗೂ ಉಳಿದಿದೆ. ಈ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಅದೇ ಚಕ್ರವರ್ತಿಯು ತನ್ನ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಪಕ್ಷಿಗಳನ್ನು ಹೆಸರಿಸಿದುದಲ್ಲದೆ, ವ್ಯರ್ಥವಾಗಿ ಕಾಡಿಗೆ ಬೆಂಕಿಯಿಡಬಾರದೆಂದೂ ವಿಧಿಸಿದನು. ಜೀವಿಯನ್ನು ಕೊಲ್ಲದಿದ್ದರೆ ಸಾಲದು, ಅದರ ನೆಲೆಯೂ ಉಳಿಯಬೇಕು. ಈ ಮಾತಿನ ಸತ್ಯವನ್ನು ಮಸ್ಕಿಯ ಸುತ್ತಲಿನ ಬಯಲುಸೀಮೆಯೇ ತೋರಿಸಿಕೊಡುತ್ತದೆ.

ದಖ್ಖನದ ಒಣ ಹುಲ್ಲುಗಾವಲುಗಳಲ್ಲಿ ಎರೆಭೂತವೆಂಬ ಹೆಬ್ಬಕ್ಕಿ ವಾಸಿಸುತ್ತಿತ್ತು. ಒಂದು ಮೀಟರಿನಷ್ಟು ಎತ್ತರದ ಈ ಹಕ್ಕಿ ಮರವನ್ನು ಆಶ್ರಯಿಸುವುದಿಲ್ಲ. ಬಯಲಿನಲ್ಲಿಯೇ ಮಿಡತೆ, ಕಾಳುಗಳನ್ನು ತಿನ್ನುತ್ತದೆ. ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ಆದುದರಿಂದ ವಿಶಾಲವಾದ, ಸದ್ದುಗದ್ದಲವಿಲ್ಲದ ಬಯಲೇ ಅದಕ್ಕೆ ಮನೆ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಸಿಂಧನೂರು ಭತ್ತದ ಕಣಜವಾಯಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆಯು ಲಿಂಗಸುಗೂರಿನ ಹೊಲಗಳಿಗೂ ನೀರುಣಿಸಿತು. ಬರದಿಂದ ಬಳಲಿದ ಜನರಿಗೆ ಅನ್ನವಿತ್ತ ಕಾಲುವೆಯನ್ನು ಹಳಿಯುವುದು ನ್ಯಾಯವಲ್ಲ. ಆದರೆ ಒಣಬಯಲಿನ ಹಕ್ಕಿಗೆ ಕೆಸರುಗದ್ದೆ ಮನೆಯಾಗಲಾರದು. ಬಂದೂಕಿನ ಸದ್ದಿಲ್ಲದೆಯೂ ಅದರ ನಾಡು ಕಿರಿದಾಯಿತು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಎರೆಭೂತವು ಕಂಡುಬಂದಿರುವುದು ಸಿಂಧನೂರಿನ ನೆರೆಯ ಸಿರುಗುಪ್ಪದ ಎರೆಹೊಲಗಳಲ್ಲಿ; ಅದೂ ಬೆರಳೆಣಿಕೆಯಷ್ಟು. ಒಮ್ಮೆ ಭಾರತದ ಹನ್ನೊಂದು ರಾಜ್ಯಗಳಲ್ಲಿ ಹರಡಿದ್ದ ಇದು ತನ್ನ ಹಳೆಯ ನೆಲೆಯಲ್ಲಿ ನೂರಕ್ಕೆ ಸುಮಾರು 90 ಭಾಗವನ್ನು ಕಳೆದುಕೊಂಡಿದೆ. ಉಳಿದಿರುವ ಹಕ್ಕಿಗಳಲ್ಲಿ ಬಹುಪಾಲು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿವೆ.

ಕೊನೆಯ ಹಕ್ಕಿಗಳಿರುವ ಸ್ಥಳವೇ ಅವುಗಳಿಗೆ ಅತ್ಯಂತ ಹಿತವಾದುದೆಂದು ತಿಳಿಯುವುದು ಸುಲಭ. ಅದು ಯಾವಾಗಲೂ ನಿಜವಲ್ಲ. ಚೀನಾದೇಶದ ದೈತ್ಯ ಪಾಂಡಾ ಇಂದು ಬೆಟ್ಟಗಳಲ್ಲಿ ಮಾತ್ರ ಇದೆ. ಹಿಂದೆ ಅದು ತಗ್ಗುಪ್ರದೇಶಗಳಲ್ಲಿಯೂ ಇತ್ತು. ಮನುಷ್ಯನ ನೇಗಿಲು ಕೊನೆಗೆ ಮುಟ್ಟಿದ ಮೂಲೆಯಲ್ಲಿ ಜೀವಿಗಳು ಉಳಿದುಕೊಳ್ಳುತ್ತವೆ. ಆದುದರಿಂದ ಸಂರಕ್ಷಕನು ಇಂದಿನ ನಕ್ಷೆಯೊಂದನ್ನೇ ನೋಡಿದರೆ ಸಾಲದು; ಅದರ ಪಕ್ಕದಲ್ಲಿ ಹಿಂದಿನ ನಕ್ಷೆಯನ್ನೂ ಇರಿಸಿಕೊಳ್ಳಬೇಕು. ಯಾವ ಬಯಲು ಯಾವಾಗ ಬರಿದಾಯಿತು, ಉಳುಮೆಯಿಂದಲೋ, ಬೇಟೆಯಿಂದಲೋ, ವಿದ್ಯುತ್ ತಂತಿಗಳಿಂದಲೋ ಎಂಬುದನ್ನು ಅರಿತಾಗಲೇ ಪರಿಹಾರವೂ ತೋರುತ್ತದೆ.

2019ರಿಂದ ಜೈಸಲ್ಮೇರ್ ಜಿಲ್ಲೆಯಲ್ಲಿ ಎರೆಭೂತದ ಮೊಟ್ಟೆಗಳನ್ನು ಸಂಗ್ರಹಿಸಿ, ಮರಿ ಮಾಡಿಸಿ ಸಾಕುವ ಕಾರ್ಯ ನಡೆಯುತ್ತಿದೆ. ಮರಿಗಳನ್ನು ಬೆಳೆಸುವುದು ವಿಜ್ಞಾನಕ್ಕೆ ಸಾಧ್ಯವಾಗಿದೆ. ಆದರೆ ಬೆಳೆದ ಹಕ್ಕಿಗೆ ಬಯಲು ಬೇಕು. ಬಯಲನ್ನು ಯಾವ ಪೆಟ್ಟಿಗೆಯಲ್ಲಿಯೂ ಮರಿ ಮಾಡಿಸಲಾಗದು. ಹುಲ್ಲುಗಾವಲನ್ನು ಬಂಜರೆಂದು ಕರೆಯುವ ಅಭ್ಯಾಸವನ್ನು ಜನರು ಬಿಟ್ಟ ದಿನ, ಆ ಹಕ್ಕಿಗೆ ಹಿಂತಿರುಗಿ ಬರಲು ಒಂದು ಊರು ದೊರೆತಂತಾಗುತ್ತದೆ.